ಬ್ಯಾಕ್‌ಮ್ಯಾಮ್ ವೈರಸ್ ಬಳಸಿ ಸಾಕಿದ ಕೋಶಗಳಲ್ಲಿ ಹರ್ಗ್ ಚಾನೆಲ್ ಮೂಡಿಸುವುದು: ಪ್ಲಾಸ್ಮಿಡ್‌ನಿಂದ ಪ್ಯಾಚ್ ಕ್ಲ್ಯಾಂಪ್‌ವರೆಗೆ ಸಮಗ್ರ ಮಾರ್ಗದರ್ಶಿ

ಹೃದಯ ಒಮ್ಮೆ ಬಡಿದ ಮೇಲೆ ಅದರ ಸ್ನಾಯುಕೋಶಗಳು ಮುಂದಿನ ಬಡಿತಕ್ಕೆ ಸಿದ್ಧವಾಗಬೇಕಾದರೆ ಕೋಶದೊಳಗಿನ ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಹರಿದು ಕೋಶಪೊರೆಯ ವೋಲ್ಟೇಜು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮನುಷ್ಯರಲ್ಲಿ ಈ ಕೆಲಸದ ದೊಡ್ಡ ಪಾಲನ್ನು ಹೊತ್ತಿರುವುದು ಹರ್ಗ್ ಎಂಬ ಅಯಾನ್ ಚಾನೆಲ್, ಅಂದರೆ ಅಯಾನುಗಳು ಹಾಯುವ ಕೋಶಪೊರೆಯ ಪ್ರೋಟೀನ್ ಬಾಗಿಲು. ಇದರ ಜೀನ್ ಕೆಸಿಎನ್‌ಎಚ್2. ಪ್ರೋಟೀನಿನ ಉದ್ದ 1159 ಅಮೈನೋ ಆಮ್ಲಗಳು. ಅಂತಹ ನಾಲ್ಕು ಪ್ರೋಟೀನುಗಳು ಒಟ್ಟುಗೂಡಿದಾಗ ಒಂದು ಚಾನೆಲ್ ಆಗುತ್ತದೆ. ಈ ಜೀನಿನ ದೋಷಗಳು ಹೃದಯದ ವಿದ್ಯುತ್ ಚೇತರಿಕೆ ತಡವಾಗುವ ಆನುವಂಶಿಕ ಲಾಂಗ್ ಕ್ಯೂಟಿ ಕಾಯಿಲೆಗೆ ಕಾರಣವೆಂದು 1995ರಲ್ಲಿ ಗೊತ್ತಾಯಿತು. ಜೀನಿನಲ್ಲಿ ದೋಷವಿಲ್ಲದವರಲ್ಲಿಯೂ ಔಷಧಿಯೊಂದು ಇದೇ ಚಾನೆಲ್ಲಿಗೆ ಅಡ್ಡ ಕುಳಿತರೆ ಹೃದಯದ ಲಯ ತಪ್ಪುತ್ತದೆ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ 1998ರಲ್ಲಿ, ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದದ್ದು ಹೀಗೆ. ಹೊಸ ಔಷಧಿಗಳನ್ನು ಈ ಚಾನೆಲ್ಲಿನ ಮೇಲೆ ಪರೀಕ್ಷಿಸಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2005ರಲ್ಲಿ ಬಂದ ಮೇಲೆ, ಹರ್ಗ್ ಚಾನೆಲ್ಲನ್ನು ಸಾಕಿದ ಕೋಶಗಳಲ್ಲಿ ಮೂಡಿಸಿ ಅಳೆಯುವುದು ಅನೇಕ ಪ್ರಯೋಗಾಲಯಗಳ ದಿನನಿತ್ಯದ ಕೆಲಸವಾಗಿದೆ.

ಈ ಮಾರ್ಗದರ್ಶಿ ಪ್ಯಾಚ್ ಕ್ಲ್ಯಾಂಪ್ (ಗಾಜಿನ ಪಿಪೆಟ್ಟನ್ನು ಕೋಶಕ್ಕೆ ಅಂಟಿಸಿ ಅದರ ವಿದ್ಯುತ್ ಪ್ರವಾಹ ಅಳೆಯುವ ವಿಧಾನ) ಗೊತ್ತಿದ್ದು, ಜೀನ್ ಹೊತ್ತೊಯ್ಯುವ ವೈರಸ್ ವಾಹಕಗಳನ್ನು ಇನ್ನೂ ಬಳಸಿರದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ. ಆರಂಭದಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸಬರು ಕೇಳುವ ಪ್ರಶ್ನೆ ‘ಚಾನೆಲ್ ಬಂತೇ, ಇಲ್ಲವೇ’ ಎಂಬುದು. ಅಳತೆಯ ಗುಣಮಟ್ಟವನ್ನು ನಿರ್ಧರಿಸುವ ಪ್ರಶ್ನೆ ‘ಒಂದು ಕೋಶಕ್ಕೆ ಎಷ್ಟು ಬಂತು’ ಎಂಬುದು. ಪಾಕಕ್ಕೆ ಹದವಿರುವಂತೆ ಇದಕ್ಕೂ ಹದವಿದೆ, ಮತ್ತು ಆ ಹದವನ್ನು ಕೈಯಲ್ಲಿ ಹಿಡಿಯಲು ಸಾಧ್ಯವಾಗುತ್ತದೆ ಎಂಬ ಕಾರಣಕ್ಕೇ ನಾನು ವೈರಸ್ ವಾಹಕವನ್ನು ಆರಿಸುತ್ತೇನೆ.

ಯಾವ ವಾಹಕ

ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಯನ್ನು ಕೊಬ್ಬಿನ ಕಣಗಳಲ್ಲಿ ಸುತ್ತಿ ಕೋಶಕ್ಕೆ ಸೇರಿಸುವ ಟ್ರಾನ್ಸ್‌ಫೆಕ್ಷನ್ ಸುಲಭ ವಿಧಾನ. ಆದರೆ ಅದರಲ್ಲಿ ಒಂದು ಕೋಶಕ್ಕೆ ನೂರಾರು ಪ್ರತಿಗಳು ಸೇರಿದರೆ ಪಕ್ಕದ ಕೋಶಕ್ಕೆ ಒಂದೂ ಸೇರದಿರಬಹುದು. ವೈರಸ್ ಮೂಲಕ ಜೀನ್ ಸಾಗಿಸುವ ಟ್ರಾನ್ಸ್‌ಡಕ್ಷನ್‌ನಲ್ಲಿ ಕೋಶವೊಂದಕ್ಕೆ ಸರಾಸರಿ ಎಷ್ಟು ಕಣ ಎಂಬುದನ್ನು ನಾವೇ ಲೆಕ್ಕ ಹಾಕಿ ಕೊಡುತ್ತೇವೆ.

ವಾಹಕದ ಆಯ್ಕೆಯನ್ನು ಮೊದಲು ನಿರ್ಧರಿಸುವುದು ಜೀನಿನ ಗಾತ್ರ. ಅಡಿನೋ-ಅಸೋಸಿಯೇಟೆಡ್ ವೈರಸ್ ಡಿಎನ್‌ಎಯ ಸುಮಾರು 4,700 ಅಕ್ಷರಗಳನ್ನು, ಅಂದರೆ ಬೇಸ್‌ಗಳನ್ನಷ್ಟೇ ಹೊರಬಲ್ಲದು. ಹರ್ಗ್ ಸಂಕೇತವೇ 3,480 ಬೇಸ್‌ಗಳಷ್ಟಿರುವುದರಿಂದ ಜೀನನ್ನು ಚಾಲೂ ಮಾಡುವ ಪ್ರಮೋಟರ್ ಮತ್ತು ಅದರ ಸಂದೇಶವನ್ನು ಕೊನೆಗೊಳಿಸುವ ಪಾಲಿಎ ಸೇರಿದ ಮೇಲೆ ಜಾಗ ಇಕ್ಕಟ್ಟಾಗುತ್ತದೆ. 6,000 ಬೇಸ್‌ಗಳನ್ನು ದಾಟುವ ಹೃದಯದ ಸೋಡಿಯಂ ಚಾನೆಲ್ ಎನ್‌ಎವಿ1.5 ಅದರೊಳಗೆ ಹಿಡಿಸುವುದೇ ಇಲ್ಲ. ಲೆಂಟಿವೈರಸ್ಸಿನಲ್ಲಿ ಜಾಗ ಇದಕ್ಕಿಂತ ಹೆಚ್ಚು, ಆದರೆ ಅದು ಕೋಶದ ಸ್ವಂತ ಡಿಎನ್‌ಎಯೊಳಗೆ ಹೊಕ್ಕು ಕೂರುತ್ತದೆ. ವರ್ಷಗಟ್ಟಲೆ ಬಳಸುವ ಸ್ಥಿರ ಕೋಶಸಾಲು ಬೇಕಿದ್ದರೆ ಅದೇ ಸರಿ. ಜೀನಿನ ಹತ್ತು ರೂಪಾಂತರಗಳನ್ನು ಒಂದೇ ತಿಂಗಳಲ್ಲಿ ಹೋಲಿಸಬೇಕಿದ್ದರೆ ಅದು ಭಾರ.

ಬ್ಯಾಕ್‌ಮ್ಯಾಮ್ ಎಂದರೆ ಸಸ್ತನಿ ಕೋಶಗಳಿಗೆ ಜೀನ್ ಒಯ್ಯುವಂತೆ ಮಾರ್ಪಡಿಸಿದ ಬ್ಯಾಕ್ಯುಲೋವೈರಸ್. ಬ್ಯಾಕ್ಯುಲೋವೈರಸ್ ಕೀಟಗಳ ವೈರಸ್. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದರ ಕುಲ ಚೆನ್ನಾಗಿ ಗೊತ್ತು: ಹುಳುವಿನ ಮೈ ಊದಿ, ಚರ್ಮ ಒಡೆದು, ಹಾಲಿನಂತಹ ದ್ರವ ಸೋರುವ ಹಾಲುತೊಂಡೆ ರೋಗ ತರುವುದು ಇದೇ ಬಳಗದ ವೈರಸ್. ಪ್ರಯೋಗಾಲಯದಲ್ಲಿ ಬಳಸುವುದು ಅದರ ದಾಯಾದಿಯಾದ, ಆಟೋಗ್ರಾಫ ಕ್ಯಾಲಿಫೋರ್ನಿಕ ಎಂಬ ಪತಂಗದಲ್ಲಿ ಸಿಕ್ಕ ವೈರಸ್. ಅದರ ಜೀನೋಮ್ ಸುಮಾರು 1,34,000 ಬೇಸ್‌ಗಳಷ್ಟು ದೊಡ್ಡದು, ಆದ್ದರಿಂದ ಅಯಾನ್ ಚಾನೆಲ್ಲಿನ ಯಾವ ಜೀನಿಗೂ ಅಲ್ಲಿ ಜಾಗದ ಕೊರತೆಯಿಲ್ಲ. ಈ ವೈರಸ್ ಮನುಷ್ಯರ ಯಕೃತ್ತಿನ ಕೋಶಗಳೊಳಗೂ ಹೋಗಬಲ್ಲದು, ಸಸ್ತನಿ ಪ್ರಮೋಟರ್ ಇಟ್ಟರೆ ಅಲ್ಲಿ ಜೀನ್ ಕೆಲಸ ಮಾಡುತ್ತದೆ ಎಂದು 1995 ಮತ್ತು 1996ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಹಾಗೆ ಹೊಕ್ಕರೂ ಅದು ಸಸ್ತನಿ ಕೋಶದಲ್ಲಿ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳಲಾರದು. ಸುರಕ್ಷತೆಯ ದೃಷ್ಟಿಯಿಂದ ಇದು ದೊಡ್ಡ ಅನುಕೂಲ.

ಕೆಲಸಕ್ಕೆ ಮುನ್ನ ಅನುಮತಿ

ಭಾರತದಲ್ಲಿ ಮರುಸಂಯೋಜಿತ ಡಿಎನ್‌ಎ ಬಳಸುವ ಸಂಸ್ಥೆಗಳು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯನ್ನು ಪಾಲಿಸಬೇಕು. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ವಾಹಕ, ಜೀನ್, ಕೋಶಸಾಲು, ತ್ಯಾಜ್ಯ ವಿಲೇವಾರಿ ಎಲ್ಲವನ್ನೂ ಬರೆದಿಟ್ಟು ಒಪ್ಪಿಗೆ ಬಂದ ಮೇಲೆಯೇ ಪ್ರೈಮರ್‌ಗಳಿಗೆ (ಜೀನನ್ನು ನಕಲಿಸಲು ಬೇಕಾದ ಚಿಕ್ಕ ಡಿಎನ್‌ಎ ತುಣುಕುಗಳಿಗೆ) ಬೇಡಿಕೆ ಸಲ್ಲಿಸಿ. ಬ್ಯಾಕ್ಯುಲೋವೈರಸ್ ನಿರಪಾಯಕಾರಿಯಾದರೂ ಅದನ್ನು ಹಾಕುವುದು ಮನುಷ್ಯ ಮೂಲದ ಕೋಶಗಳಿಗೆ. ಆದ್ದರಿಂದ ಎರಡನೇ ಹಂತದ ಜೈವಿಕ ಸುರಕ್ಷತಾ ಕ್ಯಾಬಿನೆಟ್, ಕೈಗವಸು ಮತ್ತು ಕೋಟು ಬಳಸಿಯೇ ಕೆಲಸ ಮಾಡಬೇಕು. ದ್ರವ ತ್ಯಾಜ್ಯಕ್ಕೆ ಬ್ಲೀಚ್, ಪ್ಲಾಸ್ಟಿಕ್ಕಿಗೆ ಆಟೋಕ್ಲೇವ್. ಅದೇ ಕಟ್ಟಡದಲ್ಲಿ ಯಾರಾದರೂ ಕೀಟಗಳನ್ನು ಸಾಕುತ್ತಿದ್ದರೆ ಅವರಿಗೂ ಮೊದಲೇ ತಿಳಿಸಿ.

ಹಂತ 1: ಜೀನನ್ನು ವಾಹಕಕ್ಕೆ ಕಟ್ಟುವುದು

ಕೀಟಕೋಶಗಳಲ್ಲಿ ಪ್ರೋಟೀನ್ ತಯಾರಿಸಲು ಬಳಸುವ ಸಾಮಾನ್ಯ ಪ್ಲಾಸ್ಮಿಡ್ಡಿನಲ್ಲಿ ಪಾಲಿಹೆಡ್ರಿನ್ ಪ್ರಮೋಟರ್ ಇರುತ್ತದೆ. ಅದು ಸಸ್ತನಿ ಕೋಶದಲ್ಲಿ ಕೆಲಸ ಮಾಡುವುದಿಲ್ಲ. ಸಸ್ತನಿ ಕೋಶದಲ್ಲಿ ಬಲವಾಗಿ ಕೆಲಸ ಮಾಡುವ ಸಿಎಂವಿ ಪ್ರಮೋಟರ್ ಇರುವ, ಜೀನಿನ ನಂತರ ಪ್ರೋಟೀನ್ ಇಳುವರಿ ಹೆಚ್ಚಿಸುವ ಡಬ್ಲ್ಯುಪಿಆರ್‌ಇ ತುಣುಕಿರುವ ಬ್ಯಾಕ್‌ಮ್ಯಾಮ್ ಪ್ಲಾಸ್ಮಿಡ್ಡನ್ನೇ ಆರಿಸಬೇಕು. ಪೊರೆಯ ಪ್ರೋಟೀನುಗಳಿಗಾಗಿಯೇ ರೂಪಿಸಿ 2014ರಲ್ಲಿ ಪ್ರಕಟಿಸಿದ ಪಿಇಜಿ ಬ್ಯಾಕ್‌ಮ್ಯಾಮ್ ಇದಕ್ಕೆ ಒಳ್ಳೆಯ ಆಯ್ಕೆ.

ಹಸಿರು ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಚಾನೆಲ್ಲಿಗೇ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಹರ್ಗ್ ವಿಷಯದಲ್ಲಿ ಮೊದಲ ತುದಿಗೆ ಏನನ್ನೂ ಅಂಟಿಸಬೇಡಿ. ಆ ತುದಿಯ ಪಿಎಎಸ್ ಎಂಬ ಭಾಗವೇ ಚಾನೆಲ್ ನಿಧಾನವಾಗಿ ಮುಚ್ಚಿಕೊಳ್ಳುವಂತೆ ನೋಡಿಕೊಳ್ಳುತ್ತದೆ. ಅದನ್ನು ಕೆಡಿಸಿದರೆ ಚಾನೆಲ್ ಬೇಗ ಮುಚ್ಚುತ್ತದೆ, ನೀವು ಅಳೆಯುವುದು ಬೇರೆಯೇ ಚಾನೆಲ್ ಆಗುತ್ತದೆ. ಗುರುತು ಬೇಕಿದ್ದರೆ ಎರಡನೆಯ ಪ್ರೋಟೀನಿನ ತಯಾರಿಗೆ ದಾರಿಯಾಗುವ ಐಆರ್‌ಇಎಸ್ ತುಣುಕನ್ನಿಟ್ಟು ಜಿಎಫ್‌ಪಿಯನ್ನು ಪ್ರತ್ಯೇಕ ಪ್ರೋಟೀನಾಗಿ ಬರುವಂತೆ ಮಾಡಿ.

ಅಯಾನ್ ಚಾನೆಲ್ಲುಗಳ ಜೀನ್‌ಗಳನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸುವಾಗ ಎಚ್ಚರ ಬೇಕು. ಸೋಡಿಯಂ ಚಾನೆಲ್ಲುಗಳ ಜೀನ್‌ಗಳು ಇ. ಕೋಲಿಯಲ್ಲಿ ತುಂಡಾಗುವುದಕ್ಕೂ ಮರುಜೋಡಣೆಯಾಗುವುದಕ್ಕೂ ಹೆಸರುವಾಸಿ. ಅಂಥವನ್ನು 37 ಡಿಗ್ರಿಯ ಬದಲು 30 ಡಿಗ್ರಿಯಲ್ಲಿ, ಮರುಸಂಯೋಜನೆ ಕಡಿಮೆ ನಡೆಯುವ ತಳಿಯಲ್ಲಿ ಬೆಳೆಸಿ, ಕಾಣಿಸುವ ವಸಾಹತುಗಳಲ್ಲಿ (ತಟ್ಟೆಯ ಮೇಲಿನ ಬ್ಯಾಕ್ಟೀರಿಯಾದ ಚುಕ್ಕೆಗಳಲ್ಲಿ) ಸಣ್ಣವನ್ನು ಆರಿಸಿ. ದೊಡ್ಡದಾಗಿ ಬೆಳೆದ ವಸಾಹತು ಜೀನನ್ನು ಕಳೆದುಕೊಂಡು ಹಗುರಾದದ್ದಿರಬಹುದು. ಹರ್ಗ್ ಇಷ್ಟು ತೊಂದರೆ ಕೊಡುವುದಿಲ್ಲ, ಆದರೂ ಜೀನಿನ ಆದಿಯಿಂದ ಅಂತ್ಯದವರೆಗೆ ಸೀಕ್ವೆನ್ಸ್ ಓದಿಸದೆ ಮುಂದಿನ ಹಂತಕ್ಕೆ ಹೋಗಬಾರದು.

ಹಂತ 2: ಬ್ಯಾಕ್ಮಿಡ್

ಡಿಎಚ್10ಬ್ಯಾಕ್ ಎಂಬ ಇ. ಕೋಲಿ ತಳಿಯೊಳಗೆ ಇಡೀ ಬ್ಯಾಕ್ಯುಲೋವೈರಸ್ ಜೀನೋಮ್ ಒಂದು ಬೃಹತ್ ಪ್ಲಾಸ್ಮಿಡ್ ಆಗಿ ಕುಳಿತಿರುತ್ತದೆ, ಅದೇ ಬ್ಯಾಕ್ಮಿಡ್. ನಿಮ್ಮ ಪ್ಲಾಸ್ಮಿಡ್ ಒಳಸೇರಿದಾಗ ಜೀನಿರುವ ಭಾಗ ಟಿಎನ್7 ಎಂಬ ಜಿಗಿಯುವ ತುಣುಕಿನ ಜೊತೆಗೆ ಬ್ಯಾಕ್ಮಿಡ್ಡಿಗೆ ಹಾರಿಕೊಳ್ಳುತ್ತದೆ. ಶಾಖದ ಆಘಾತ ಕೊಟ್ಟ ಮೇಲೆ ಕೋಶಗಳನ್ನು 37 ಡಿಗ್ರಿಯಲ್ಲಿ 4 ಗಂಟೆ ಚೇತರಿಸಿಕೊಳ್ಳಲು ಬಿಡಿ. ಒಂದು ಗಂಟೆ ಸಾಲದು, ಜಿಗಿತಕ್ಕೆ ಸಮಯ ಬೇಕು. ಬಳಿಕ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಕ್ಯಾನಮೈಸಿನ್, 7 ಮೈಕ್ರೋಗ್ರಾಂ ಜೆಂಟಮೈಸಿನ್, 10 ಮೈಕ್ರೋಗ್ರಾಂ ಟೆಟ್ರಾಸೈಕ್ಲಿನ್, ಜೊತೆಗೆ ಬಣ್ಣಕ್ಕೆ ಎಕ್ಸ್-ಗ್ಯಾಲ್ ಮತ್ತು ಐಪಿಟಿಜಿ ಇರುವ ತಟ್ಟೆಗಳಲ್ಲಿ ಹರಡಿ. ಜೀನ್ ಹಾರಿ ಸೇರಿದ ವಸಾಹತು ಬಿಳಿ, ಸೇರದ್ದು ನೀಲಿ.

ಎರಡು ಪೂರ್ಣ ದಿನ ಕಾಯಿರಿ. 24 ಗಂಟೆಗೆ ಬೆಳ್ಳಗೆ ಕಾಣುವ ಅನೇಕ ವಸಾಹತುಗಳು 48 ಗಂಟೆಗೆ ನೀಲಿಗೆ ತಿರುಗುತ್ತವೆ. ಬಿಳಿಯವನ್ನು ಹೊಸ ತಟ್ಟೆಯ ಮೇಲೆ ಮತ್ತೊಮ್ಮೆ ಗೀರಿ, ಬಿಳಿಯಾಗಿಯೇ ಉಳಿದದ್ದನ್ನು ಮಾತ್ರ ಬೆಳೆಸಿ. ಬ್ಯಾಕ್ಮಿಡ್ ಬೇರ್ಪಡಿಸುವಾಗ ವೋರ್ಟೆಕ್ಸ್ ಬಳಸಬೇಡಿ. ಇಷ್ಟು ಉದ್ದದ ಡಿಎನ್‌ಎ ಜೋರಾಗಿ ಅಲುಗಿದರೆ ಕಡಿದುಹೋಗುತ್ತದೆ. ಎಂ13 ಪ್ರೈಮರ್‌ಗಳಿಂದ ಪಿಸಿಆರ್ ಮಾಡಿ ಖಾಲಿ ಬ್ಯಾಕ್ಮಿಡ್ಡಿನ 300 ಬೇಸ್‌ಗಳ ಪಟ್ಟಿ ಉಳಿದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಹಂತ 3: ಕೀಟಕೋಶಗಳಲ್ಲಿ ವೈರಸ್ ಬೆಳೆಸುವುದು

ವೈರಸ್ ಬೆಳೆಯುವುದು ಎಸ್‌ಎಫ್9 ಕೋಶಗಳಲ್ಲಿ. 2018ರಿಂದ ನಮ್ಮ ಮೆಕ್ಕೆಜೋಳದ ಹೊಲಗಳನ್ನು ತಿಂದುಹಾಕುತ್ತಿರುವ ಫಾಲ್ ಸೈನಿಕ ಹುಳುವಿನ ಅಂಡಾಶಯದಿಂದ ಬಂದ ಕೋಶಸಾಲು ಇದು. ಇವಕ್ಕೆ 27 ಡಿಗ್ರಿ ಸಾಕು, ಇಂಗಾಲದ ಡೈಆಕ್ಸೈಡ್ ಬೇಡ. ಬೇಸಿಗೆಯಲ್ಲಿ ಕೋಣೆಯ ಉಷ್ಣತೆ 30 ಡಿಗ್ರಿ ದಾಟುವ ಊರುಗಳಲ್ಲಿ ತಣ್ಣಗಾಗಿಸುವ ವ್ಯವಸ್ಥೆಯಿರುವ ಇನ್‌ಕ್ಯುಬೇಟರ್ ಇಲ್ಲದೆ ಈ ಕೋಶಗಳನ್ನು ಇಟ್ಟುಕೊಳ್ಳಬೇಡಿ.

ಆರು ಗುಂಡಿಗಳ ತಟ್ಟೆಯಲ್ಲಿ ಗುಂಡಿಗೆ 10 ಲಕ್ಷದಂತೆ ಕೋಶಗಳನ್ನು ಹಾಕಿ ಅಂಟಿಕೊಳ್ಳಲು ಬಿಡಿ. ಸೀರಂ ಮತ್ತು ಪ್ರತಿಜೈವಿಕ ಇಲ್ಲದ ಗ್ರೇಸ್ ಮಾಧ್ಯಮದಲ್ಲಿ (ಕೀಟಕೋಶಗಳ ಪೋಷಕ ದ್ರವ) 1 ಮೈಕ್ರೋಗ್ರಾಂ ಬ್ಯಾಕ್ಮಿಡ್ ಮತ್ತು 8 ಮೈಕ್ರೋಲೀಟರ್ ಸೆಲ್‌ಫೆಕ್ಟಿನ್ ಎಂಬ ಕೊಬ್ಬಿನ ಕಣಗಳ ದ್ರವ ಬೆರೆಸಿ, ಅರ್ಧ ಗಂಟೆ ಬಿಟ್ಟು, ಗುಂಡಿಗೆ ಹನಿಹನಿಯಾಗಿ ಸೇರಿಸಿ. 3ರಿಂದ 5 ಗಂಟೆಯ ನಂತರ ಪೂರ್ಣ ಮಾಧ್ಯಮ ಕೊಡಿ. ಪ್ರತಿ ವೈರಸ್ಸಿಗೆ ಎರಡು ಗುಂಡಿ, ಜೊತೆಗೆ ಡಿಎನ್‌ಎ ಇಲ್ಲದ ಒಂದು ಗುಂಡಿ ಇರಲೇಬೇಕು, ಏಕೆಂದರೆ ಮುಂದಿನ ನಾಲ್ಕು ದಿನ ನಿಮ್ಮ ಕಣ್ಣಿಗೆ ಹೋಲಿಕೆಯೇ ಆಧಾರ.

ನಾನು ಹೊಸ ವಿದ್ಯಾರ್ಥಿಗಳನ್ನು ಪ್ರತಿದಿನ ಒಂದೇ ಹೊತ್ತಿಗೆ ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತೇನೆ. ಮೊದಲ ದಿನ ಎರಡೂ ಬಗೆಯ ಗುಂಡಿಗಳು ಒಂದೇ ರೀತಿ: ಅಂಚು ಸ್ಪಷ್ಟವಾದ, ಒಂದೇ ಗಾತ್ರದ ದುಂಡು ಕೋಶಗಳು. ಎರಡನೆಯ ದಿನಕ್ಕೆ ಡಿಎನ್‌ಎ ಇಲ್ಲದ ಗುಂಡಿಯಲ್ಲಿ ಕೋಶಗಳು ಒತ್ತೊತ್ತಾಗಿ ತುಂಬುತ್ತವೆ, ವೈರಸ್ ಇರುವ ಗುಂಡಿಯಲ್ಲಿ ನಡುನಡುವೆ ಖಾಲಿ ಜಾಗ ಹಾಗೆಯೇ ಉಳಿಯುತ್ತದೆ. ಮೂರನೆಯ ದಿನ ಸೋಂಕಿತ ಕೋಶಗಳು ಉಬ್ಬಿ, ಕೋಶಕೇಂದ್ರ ಹಿಗ್ಗಿ ಕೋಶವನ್ನೆಲ್ಲ ಆವರಿಸಿದಂತೆ ಕಾಣುತ್ತದೆ. ನಾಲ್ಕನೆಯ ದಿನ ಅವು ತಳ ಬಿಟ್ಟು ತೇಲತೊಡಗುತ್ತವೆ, ಕೆಲವು ಒಡೆದಿರುತ್ತವೆ. ಈ ಕ್ರಮವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಮುಂದೆಂದೂ ಅನುಮಾನ ಬರುವುದಿಲ್ಲ.

ನಾಲ್ಕು ಅಥವಾ ಐದನೆಯ ದಿನ ಮಾಧ್ಯಮವನ್ನು ಸಂಗ್ರಹಿಸಿ, ಸೆಂಟ್ರಿಫ್ಯೂಜಿನಲ್ಲಿ 500 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ ಕೋಶಗಳ ಕಸವನ್ನು ತೆಗೆಯಿರಿ. ಇದು ಪಿ1, ಅಂದರೆ ಮೊದಲ ತಲೆಮಾರಿನ ವೈರಸ್. ಇದರಿಂದ ಪಿ2 ಬೆಳೆಸುವಾಗ ಕೋಶವೊಂದಕ್ಕೆ 0.1 ಕಣದಷ್ಟೇ ಕೊಡಬೇಕು. ಮಿಲಿಲೀಟರಿಗೆ 20 ಲಕ್ಷ ಕೋಶಗಳಿರುವ 50 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಒಟ್ಟು 10 ಕೋಟಿ ಕೋಶಗಳಿರುತ್ತವೆ. ಅವಕ್ಕೆ 1 ಕೋಟಿ ಕಣಗಳು ಸಾಕು. ಪಿ1ರಲ್ಲಿ ಮಿಲಿಲೀಟರಿಗೆ 50 ಲಕ್ಷ ಕಣಗಳಿವೆಯೆಂದಿಟ್ಟುಕೊಂಡರೆ 2 ಮಿಲಿಲೀಟರ್ ಹಾಕಿದರಾಯಿತು. ಹೆಚ್ಚು ಹಾಕಿದರೆ ಹೆಚ್ಚು ಬೆಳೆ ಬರುತ್ತದೆಂಬ ಎಣಿಕೆ ಇಲ್ಲಿ ತಲೆಕೆಳಗು. ಒಂದೇ ಕೋಶಕ್ಕೆ ಹಲವು ಕಣಗಳು ನುಗ್ಗಿದರೆ, ಜೀನಿನ ಭಾಗ ಕಳೆದುಕೊಂಡ ಕುಂಟು ವೈರಸ್‌ಗಳೂ ಆರೋಗ್ಯವಂತ ವೈರಸ್‌ಗಳ ಹೆಗಲೇರಿ ಬೆಳೆಯುತ್ತವೆ. ಇದೇ ಕಾರಣಕ್ಕೆ ಪಿ3 ದಾಟಿ ವೈರಸ್ ಬೆಳೆಸಬಾರದು.

ಸುಮಾರು 72 ಗಂಟೆಗೆ ಪಿ2 ಸಂಗ್ರಹಿಸಿ, ಕೋಶಗಳನ್ನು ತಿರುಗಿಸಿ ತೆಗೆದು, ಮಾಧ್ಯಮಕ್ಕೆ ಶೇ. 2ರಷ್ಟು ಸೀರಂ ಸೇರಿಸಿ, ಕೊಳವೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ 4 ಡಿಗ್ರಿಯಲ್ಲಿಡಿ. ಬೆಳಕು ಈ ವೈರಸ್ಸಿನ ಸೋಂಕುಶಕ್ತಿಯನ್ನು ಕುಂದಿಸುತ್ತದೆ.

ಹಂತ 4: ಎಷ್ಟು ವೈರಸ್ ಇದೆ ಎಂದು ಅಳೆಯುವುದು

ಈ ಹಂತವನ್ನು ಹಾರಿಸಿದರೆ ಮುಂದಿನ ಲೆಕ್ಕವೆಲ್ಲ ಗಾಳಿಯಲ್ಲಿ ಹಾಕಿದಂತೆ. ಸೋಂಕಿತ ಕೋಶಗಳ ಚುಕ್ಕೆಗಳನ್ನು ಎಣಿಸುವ ಪ್ಲಾಕ್ ಎಣಿಕೆ ಹಳೆಯ ವಿಧಾನ, ನಂಬಲರ್ಹ, ಆದರೆ ಒಂದು ವಾರದ ಮೇಲೆ ಹಿಡಿಯುತ್ತದೆ. ಸೋಂಕಿತ ಕೋಶದ ಮೇಲ್ಮೈಯಲ್ಲಿ ಮೂಡುವ ಜಿಪಿ64 ಪ್ರೋಟೀನನ್ನು ಪ್ರತಿಕಾಯದಿಂದ ಗುರುತಿಸಿ ಫ್ಲೋ ಸೈಟೋಮೀಟರಿನಲ್ಲಿ ಎಣಿಸಿದರೆ ಎರಡು ದಿನಗಳೊಳಗೆ ಉತ್ತರ ಸಿಗುತ್ತದೆ. ಕ್ಯೂಪಿಸಿಆರ್ ಇನ್ನೂ ಬೇಗ, ಆದರೆ ಅದು ಎಣಿಸುವುದು ಜೀನೋಮ್‌ಗಳನ್ನು; ಅವುಗಳಲ್ಲಿ ಸೋಂಕು ತರಬಲ್ಲವೆಷ್ಟು ಎಂದು ಅದು ಹೇಳದು.

ಈ ಎಲ್ಲ ಅಳತೆಗಳೂ ಕೀಟಕೋಶದ ಮೇಲಿನವು. ನಿಮಗೆ ಬೇಕಾದದ್ದು ಮನುಷ್ಯ ಕೋಶದ ಮೇಲಿನ ಫಲ. ಆದ್ದರಿಂದ ಪ್ರತಿ ಹೊಸ ಪಿ2 ಬಂದಾಗ ಎಚ್‌ಇಕೆ293 ಎಂಬ ಮನುಷ್ಯ ಕೋಶಗಳಿಗೆ ಅದನ್ನು ಏರಿಕೆಯ ಕ್ರಮದಲ್ಲಿ ಕೊಟ್ಟು, ಮರುದಿನ ಶೇಕಡ ಎಷ್ಟು ಕೋಶಗಳು ಹಸಿರಾಗಿವೆ ಎಂದು ಎಣಿಸಿ ಒಂದು ರೇಖೆ ಎಳೆದಿಡಿ. ನನ್ನ ಮಟ್ಟಿಗೆ ಕೊಳವೆಯ ಮೇಲೆ ಬರೆಯಬೇಕಾದ ಸಂಖ್ಯೆ ಇದೇ.

ಹಂತ 5: ಎಚ್‌ಇಕೆ293 ಕೋಶಗಳಿಗೆ ವೈರಸ್ ಕೊಡುವುದು

ಎಚ್‌ಇಕೆ293 ಕೋಶಗಳು 1973ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ಫ್ರಾಂಕ್ ಗ್ರಹಾಂ ರೂಪಿಸಿದ ಸಾಲು. 293 ಎಂಬುದು ಅವರ ಪ್ರಯೋಗದ ಕ್ರಮಸಂಖ್ಯೆ. ಬೇಗ ಬೆಳೆಯುತ್ತವೆ, ವೈರಸ್ಸನ್ನು ಚೆನ್ನಾಗಿ ತೆಗೆದುಕೊಳ್ಳುತ್ತವೆ, ಪಿಪೆಟ್ಟಿಗೆ ಬಿಗಿಯಾಗಿ ಅಂಟುತ್ತವೆ. ಆದರೆ ಅವುಗಳದ್ದೇ ಆದ ಸಣ್ಣ ಪೊಟ್ಯಾಸಿಯಂ ಪ್ರವಾಹಗಳಿವೆ ಎಂಬುದನ್ನು ಮರೆಯಬಾರದು. ಕೆಲಸ ಆರಂಭಿಸುವ ಮುನ್ನ ಸಾಕಿದ ಕೋಶಗಳಿಗೆ ಸದ್ದಿಲ್ಲದೆ ತಗಲುವ ಮೈಕೋಪ್ಲಾಸ್ಮ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ.

ಹಿಂದಿನ ದಿನ 35 ಮಿಲಿಮೀಟರ್ ತಟ್ಟೆಗೆ ಕೋಶಗಳು ಅಂಟಿಕೊಳ್ಳಲೆಂದು ಪಾಲಿ-ಡಿ-ಲೈಸಿನ್ ಬಳಿದು 3 ಲಕ್ಷ ಕೋಶಗಳನ್ನು ಹಾಕಿ. ಮರುದಿನ ಒಂದು ತಟ್ಟೆಯ ಕೋಶಗಳನ್ನು ಬಿಡಿಸಿ ಎಣಿಸಿ. ಹಾಕಿದ ಸಂಖ್ಯೆಯನ್ನೇ ನಂಬಿ ಲೆಕ್ಕ ಮಾಡಬೇಡಿ. ಎಣಿಕೆ 3 ಲಕ್ಷವೇ ಬಂದು, ಪಿ2ರಲ್ಲಿ ಮಿಲಿಲೀಟರಿಗೆ 20 ಕೋಟಿ ಕಣಗಳಿದ್ದು, ಕೋಶಕ್ಕೆ 50 ಕಣ ಕೊಡಬೇಕೆಂದಾದರೆ ಬೇಕಾಗುವುದು 1.5 ಕೋಟಿ ಕಣಗಳು, ಅಂದರೆ 75 ಮೈಕ್ರೋಲೀಟರ್. ಕೀಟಕೋಶಗಳಲ್ಲಿ 0.1 ಸಾಕಾಗಿದ್ದರೆ ಇಲ್ಲಿ 50 ಏಕೆ ಎಂದು ಕೇಳಬಹುದು. ಕೀಟಕೋಶದಲ್ಲಿ ಒಂದು ಕಣ ಸಾವಿರಾರು ಕಣಗಳಾಗುತ್ತದೆ, ಸಸ್ತನಿ ಕೋಶದಲ್ಲಿ ಅದು ಹೆಚ್ಚುವುದಿಲ್ಲ. ಹೊಕ್ಕವುಗಳಲ್ಲಿಯೂ ಕೋಶಕೇಂದ್ರದವರೆಗೆ ತಲುಪುವುದು ಒಂದು ಪಾಲು ಮಾತ್ರ.

ಕೋಶಗಳು ಗಟ್ಟಿಯಾಗಿ ಅಂಟಿದ್ದರೆ ಮಾಧ್ಯಮ ತೆಗೆದು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇರುವ ಪಿಬಿಎಸ್ ಎಂಬ ಉಪ್ಪುದ್ರವದಲ್ಲಿ ವೈರಸ್ ಬೆರೆಸಿ 500 ಮೈಕ್ರೋಲೀಟರ್ ಹಾಕಿ, ಕೋಣೆಯ ಉಷ್ಣತೆಯಲ್ಲಿ ಕತ್ತಲಲ್ಲಿ ಒಂದೆರಡು ಗಂಟೆ ನಿಧಾನವಾಗಿ ಓಲಾಡಿಸುವುದು ಪರಿಣಾಮಕಾರಿ. ಆದರೆ ಎಚ್‌ಇಕೆ ಕೋಶಗಳು ಸುಲಭವಾಗಿ ಕಿತ್ತುಬರುತ್ತವೆ. ಆರಂಭದಲ್ಲಿ ವೈರಸ್ಸನ್ನು ಮಾಧ್ಯಮಕ್ಕೇ ನೇರವಾಗಿ ಸೇರಿಸುವುದು ಕ್ಷೇಮ. ಒಟ್ಟು ಪರಿಮಾಣದ ಶೇ. 10 ಮೀರದಂತೆ ನೋಡಿಕೊಂಡರೆ ಕೀಟಕೋಶದ ಹಳೆಯ ಮಾಧ್ಯಮದಿಂದ ಕೋಶಗಳಿಗೆ ತೊಂದರೆಯಾಗದು. ಸೀರಂ ಮಾತ್ರ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಿರಬೇಕು. ತಾಜಾ ಸೀರಮ್ಮಿನ ಕಾಂಪ್ಲಿಮೆಂಟ್ ಪ್ರೋಟೀನುಗಳು ಬ್ಯಾಕ್ಯುಲೋವೈರಸ್ಸನ್ನು ನಿಷ್ಕ್ರಿಯಗೊಳಿಸಬಲ್ಲವು.

ಹೊಕ್ಕ ಜೀನ್ ಹಿಸ್ಟೋನ್ ಎಂಬ ಪ್ರೋಟೀನುಗಳಲ್ಲಿ ಸುತ್ತಿಕೊಂಡು ಮೌನವಾಗದಂತೆ ಸೋಡಿಯಂ ಬ್ಯುಟಿರೇಟ್ ಸೇರಿಸುವ ರೂಢಿಯಿದೆ. ಪ್ರೋಟೀನನ್ನು ರಾಶಿಯಾಗಿ ಬೇರ್ಪಡಿಸುವವರು 10 ಮಿಲಿಮೋಲಾರ್‌ವರೆಗೆ ಹಾಕುತ್ತಾರೆ. ಪ್ಯಾಚ್ ಕ್ಲ್ಯಾಂಪ್ ಮಾಡುವವರಿಗೆ 2 ಮಿಲಿಮೋಲಾರ್ ಸಾಕು, ಎಷ್ಟೋ ಸಲ ಅದೂ ಬೇಡ. ಬ್ಯುಟಿರೇಟ್ ಕೋಶದ ಸ್ವಂತ ಜೀನ್‌ಗಳನ್ನೂ ಎಬ್ಬಿಸುತ್ತದೆ. ಆದ್ದರಿಂದ ಅದನ್ನು ಬಳಸಿದ ದಿನ, ಹರ್ಗ್ ಇಲ್ಲದೆ ಜಿಎಫ್‌ಪಿ ಮಾತ್ರ ಇರುವ ವೈರಸ್ಸನ್ನು ಅದೇ ಪ್ರಮಾಣದಲ್ಲಿ, ಅದೇ ಬ್ಯುಟಿರೇಟಿನೊಂದಿಗೆ ಕೊಟ್ಟ ಹೋಲಿಕೆಯ ತಟ್ಟೆ ಇಲ್ಲದಿದ್ದರೆ ಆ ದಿನದ ದತ್ತಾಂಶಕ್ಕೆ ಬೆಲೆಯಿಲ್ಲ.

ಹದ ಕಂಡುಕೊಳ್ಳುವುದು

ಮೊದಲ ಸಲ ಕೋಶಕ್ಕೆ 0, 5, 10, 25, 50, 100, 200 ಕಣಗಳಂತೆ ಏಳು ತಟ್ಟೆಗಳನ್ನು ಇಡಿ. ಮರುದಿನ ಪ್ರತಿ ತಟ್ಟೆಯಿಂದ ಆರೇಳು ಕೋಶಗಳ ಪ್ರವಾಹ ಅಳೆದರೆ ಒಂದು ಏರುರೇಖೆ ಸಿಗುತ್ತದೆ. ಅದರ ತುದಿಯನ್ನು ಆರಿಸುವ ಆಸೆಯಾಗುತ್ತದೆ. ಆರಿಸಬೇಡಿ.

ಕಾರಣವನ್ನು ಲೆಕ್ಕದಲ್ಲಿಯೇ ತೋರಿಸುತ್ತೇನೆ. ಪಿಪೆಟ್ಟಿನ ತುದಿ ಮತ್ತು ಕೋಶದ ನಡುವೆ ಸರಣಿ ರೋಧವೆಂಬ ಅಡಚಣೆ ಇರುತ್ತದೆ. ಅದು 10 ಮೆಗಾಓಮ್ ಇದ್ದು, ಪ್ರವಾಹ 2.5 ನ್ಯಾನೋಆಂಪಿಯರ್ ಇದ್ದರೆ, ಆ ಅಡಚಣೆಯಲ್ಲಿಯೇ 25 ಮಿಲಿವೋಲ್ಟ್ ಕಳೆದುಹೋಗುತ್ತದೆ. ನೀವು ಸೊನ್ನೆ ಮಿಲಿವೋಲ್ಟ್ ಕೊಟ್ಟೆನೆಂದುಕೊಂಡಾಗ ಕೋಶಪೊರೆ ಇರುವುದು ಋಣ 25ರಲ್ಲಿ. ಯಂತ್ರ ಶೇ. 70ರಷ್ಟನ್ನು ಸರಿದೂಗಿಸಿದರೂ 7.5 ಮಿಲಿವೋಲ್ಟ್ ತಪ್ಪು ಉಳಿಯುತ್ತದೆ.

ಈ ತಪ್ಪಿಗೆ ನಾನೂ ಬಿದ್ದಿದ್ದೇನೆ. ಒಂದು ರೂಪಾಂತರಿತ ಹರ್ಗ್ ಚಾನೆಲ್ ಸಹಜ ಚಾನೆಲ್ಲಿಗಿಂತ ಸುಮಾರು 8 ಮಿಲಿವೋಲ್ಟ್ ಧನದ ಕಡೆಗೆ ಸರಿದು ತೆರೆಯುತ್ತಿರುವಂತೆ ಕಂಡಿತು. ಹದಿನಾಲ್ಕು ಕೋಶಗಳಲ್ಲಿಯೂ ಅದೇ ಫಲಿತಾಂಶ. ಅಮೈನೋ ಆಮ್ಲದ ಬದಲಾವಣೆಯೇ ಕಾರಣವೆಂದು ವಿವರಣೆ ಬರೆಯಲೂ ತೊಡಗಿದ್ದೆ. ಆಮೇಲೆ ಪ್ರತಿ ಕೋಶದ ಪ್ರವಾಹದ ಗಾತ್ರವನ್ನೂ ಅದರ ಸರಿತವನ್ನೂ ಒಂದೇ ನಕ್ಷೆಯಲ್ಲಿಟ್ಟಾಗ ಎರಡೂ ಒಟ್ಟಿಗೆ ಏರುತ್ತಿದ್ದವು. ರೂಪಾಂತರದ ವೈರಸ್ ಹೆಚ್ಚು ಸಾಂದ್ರವಾಗಿತ್ತು, ಪ್ರವಾಹಗಳು ದೊಡ್ಡವಾಗಿದ್ದವು, ವೋಲ್ಟೇಜಿನ ತಪ್ಪೂ ದೊಡ್ಡದಾಗಿತ್ತು. ಅದೇ ವೈರಸ್ಸನ್ನು ಐದನೇ ಒಂದು ಭಾಗಕ್ಕೆ ಇಳಿಸಿ ಮತ್ತೆ ಅಳೆದಾಗ ಸರಿತ ಮಾಯವಾಯಿತು. ಅಂದಿನಿಂದ ಎರಡು ಚಾನೆಲ್ಲುಗಳನ್ನು ಹೋಲಿಸುವ ಮೊದಲು ಅವುಗಳ ಪ್ರವಾಹದ ಗಾತ್ರ ಸಮವಾಗುವಂತೆ ವೈರಸ್ ಪ್ರಮಾಣ ಹೊಂದಿಸುವುದನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ. ಬಾಲಪ್ರವಾಹದ (ವೋಲ್ಟೇಜು ಇಳಿಸಿದೊಡನೆ ಮೇಲೇಳುವ ಪ್ರವಾಹ, ಹಂತ 6 ನೋಡಿ) ಶಿಖರ 300 ಪಿಕೋಆಂಪಿಯರ್‌ನಿಂದ 1 ನ್ಯಾನೋಆಂಪಿಯರ್ ಒಳಗೆ ಇದ್ದರೆ ಅದನ್ನು ಹದವೆಂದು ಕರೆಯುತ್ತೇನೆ.

ಅತಿಯಾದರೆ ಕೋಶದೊಳಗೂ ಹದ ಕೆಡುತ್ತದೆ. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟಿನಲ್ಲಿ ಹರ್ಗ್ ಎರಡು ಪಟ್ಟಿಗಳಾಗಿ ಕಾಣುತ್ತದೆ: ಕೋಶದೊಳಗಿನ ತಯಾರಿಕಾ ಜಾಲದಲ್ಲಿಯೇ ಇರುವ ಅಪಕ್ವ ರೂಪ ಸುಮಾರು 135 ಕಿಲೋಡಾಲ್ಟನ್, ಸಕ್ಕರೆ ಸರಪಳಿ ಪೂರ್ಣಗೊಂಡು ಪೊರೆ ಸೇರಿದ ಪಕ್ವ ರೂಪ ಸುಮಾರು 155. ಕೆಳಗಿನ ಪಟ್ಟಿಯೇ ದಟ್ಟವಾಗುತ್ತಾ ಹೋದರೆ ಕೋಶವು ತಯಾರಿಸಿದ್ದನ್ನು ಸಾಗಿಸಲಾರದೆ ತುಂಬಿಕೊಳ್ಳುತ್ತಿದೆ ಎಂದು ಅರ್ಥ. ಆಗ ವೈರಸ್ ಇಳಿಸಬೇಕು. ಲಾಂಗ್ ಕ್ಯೂಟಿಯ ಜಿ601ಎಸ್‌ನಂತಹ ರೂಪಾಂತರಗಳಲ್ಲಿ ಮಾತ್ರ ಕೆಳಪಟ್ಟಿಯ ಪ್ರಾಬಲ್ಯ ಆ ಚಾನೆಲ್ಲಿನದೇ ಗುಣ. ಅಂತಹ ಕೋಶಗಳನ್ನು 27 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಚಾನೆಲ್ಲುಗಳು ಪೊರೆಯವರೆಗೆ ಬಂದು ತಲುಪುತ್ತವೆ.

ಹಂತ 6: ಪ್ರವಾಹ ಅಳೆಯುವುದು

ವೈರಸ್ ಕೊಟ್ಟ 24ರಿಂದ 48 ಗಂಟೆಗಳೊಳಗೆ ಅಳೆಯಿರಿ. ವೈರಸ್ ಡಿಎನ್‌ಎ ಕೋಶದ ಜೀನೋಮಿಗೆ ಸಾಮಾನ್ಯವಾಗಿ ಸೇರದ ಕಾರಣ ಕೋಶ ವಿಭಜನೆಯಾದಂತೆಲ್ಲ ಅದು ಹಂಚಿಹೋಗಿ ಚಾನೆಲ್ ಕಡಿಮೆಯಾಗುತ್ತದೆ. ಅಳೆಯುವ ದಿನ ಬೆಳಗ್ಗೆ ಕೋಶಗಳನ್ನು ಮೃದುವಾಗಿ ಬಿಡಿಸಿ ಕವರ್‌ಸ್ಲಿಪ್ಪುಗಳ ಮೇಲೆ ವಿರಳವಾಗಿ ಹಾಕಿ. ಪಕ್ಕದ ಕೋಶದೊಂದಿಗೆ ಅಂಟಿರುವ ಎಚ್‌ಇಕೆ ಕೋಶಗಳು ವಿದ್ಯುತ್ತಿನ ದೃಷ್ಟಿಯಿಂದಲೂ ಒಂದಾಗಿರುತ್ತವೆ, ಆದ್ದರಿಂದ ಒಂಟಿ ಕೋಶವನ್ನೇ ಆರಿಸಬೇಕು. ಅತಿ ಹೆಚ್ಚು ಹೊಳೆಯುವ ಕೋಶದ ಕಡೆಗೆ ಕೈ ತಾನಾಗಿ ಹೋಗುತ್ತದೆ. ಮಂದವಾಗಿ ಹಸಿರಿರುವುದನ್ನು ಹಿಡಿಯಿರಿ.

ಹೊರದ್ರವದಲ್ಲಿ ಸೋಡಿಯಂ ಕ್ಲೋರೈಡ್ 137, ಪೊಟ್ಯಾಸಿಯಂ ಕ್ಲೋರೈಡ್ 4, ಕ್ಯಾಲ್ಸಿಯಂ ಕ್ಲೋರೈಡ್ 1.8, ಮೆಗ್ನೀಸಿಯಂ ಕ್ಲೋರೈಡ್ 1, ಗ್ಲೂಕೋಸ್ 10, ಹೆಪೆಸ್ 10 ಮಿಲಿಮೋಲಾರ್; ಪಿಎಚ್ 7.4. ಪಿಪೆಟ್ಟಿನೊಳಗೆ ಪೊಟ್ಯಾಸಿಯಂ ಕ್ಲೋರೈಡ್ 130, ಮೆಗ್ನೀಸಿಯಂ ಕ್ಲೋರೈಡ್ 1, ಇಜಿಟಿಎ 5, ಮೆಗ್ನೀಸಿಯಂ ಎಟಿಪಿ 5, ಹೆಪೆಸ್ 10, ಪಿಎಚ್ 7.2. ಪಿಪೆಟ್ಟಿನ ರೋಧ 2ರಿಂದ 4 ಮೆಗಾಓಮ್ ಇರಲಿ.

ಕೋಶವನ್ನು ಋಣ 80 ಮಿಲಿವೋಲ್ಟಿನಲ್ಲಿ ಹಿಡಿದು, 2 ಸೆಕೆಂಡು ಧನ 20ಕ್ಕೆ ಏರಿಸಿ, ಬಳಿಕ ಋಣ 50ಕ್ಕೆ ಇಳಿಸಿ. ಇಲ್ಲಿ ಹರ್ಗ್ ತನ್ನ ಸ್ವಭಾವ ತೋರಿಸುತ್ತದೆ. ಮೇಲಿನ ವೋಲ್ಟೇಜಿನಲ್ಲಿ ಚಾನೆಲ್ ತೆರೆದ ಕ್ಷಣದಲ್ಲಿಯೇ ನಿಷ್ಕ್ರಿಯವಾಗುವುದರಿಂದ ಪ್ರವಾಹ ಸಣ್ಣದಾಗಿಯೇ ಇರುತ್ತದೆ. ಋಣ 50ಕ್ಕೆ ಇಳಿಸಿದೊಡನೆ ನಿಷ್ಕ್ರಿಯತೆ ಬೇಗ ಕಳಚಿ, ಮುಚ್ಚುವಿಕೆ ನಿಧಾನವಾಗುವುದರಿಂದ, ಪ್ರವಾಹ ಕೊಕ್ಕೆಯಂತೆ ಥಟ್ಟನೆ ಮೇಲೆದ್ದು ಆಮೇಲೆ ನಿಧಾನಕ್ಕೆ ಜಾರುತ್ತದೆ. ಈ ಕೊಕ್ಕೆಯಾಕಾರದ ಬಾಲ ಎಚ್‌ಇಕೆ ಕೋಶದ ಸ್ವಂತ ಪ್ರವಾಹಗಳಲ್ಲಿ ಕಾಣುವುದಿಲ್ಲ. ಕೊನೆಗೆ 1 ಮೈಕ್ರೋಮೋಲಾರ್ ಇ-4031 (ಹರ್ಗ್ ಚಾನೆಲ್ಲನ್ನು ತಡೆಯುವ ರಾಸಾಯನಿಕ) ಹರಿಸಿ; ಬಾಲ ಪೂರ್ತಿ ಅಳಿಸಿಹೋಗಬೇಕು. ಉಳಿದದ್ದೇನಾದರೂ ಇದ್ದರೆ ಅದು ಹರ್ಗ್ ಅಲ್ಲ, ಅದನ್ನು ಕಳೆದೇ ಲೆಕ್ಕ ಹಾಕಬೇಕು. ಕೋಣೆಯ ಉಷ್ಣತೆಯನ್ನು ಪ್ರತಿ ದಾಖಲೆಯಲ್ಲಿಯೂ ಬರೆಯಿರಿ, ಏಕೆಂದರೆ ಈ ಚಾನೆಲ್ಲಿನ ವೇಗ ಉಷ್ಣತೆಯೊಂದಿಗೆ ಬಹಳ ಬದಲಾಗುತ್ತದೆ.

ಎರಡು ಜೀನ್‌ಗಳ ಚಾನೆಲ್ಲುಗಳು

ಪ್ಯಾಂಕ್ರಿಯಾಸಿನ ಬೀಟಾ ಕೋಶಗಳ ಎಟಿಪಿ-ಸಂವೇದಿ ಪೊಟ್ಯಾಸಿಯಂ ಚಾನೆಲ್ ನಾಲ್ಕು ಕೆಐಆರ್6.2 ಮತ್ತು ನಾಲ್ಕು ಎಸ್‌ಯುಆರ್1 ಪ್ರೋಟೀನುಗಳ ಕೂಟ. ಒಂದೇ ಬಗೆಯದು ಒಂಟಿಯಾಗಿದ್ದರೆ ಅದರಲ್ಲಿರುವ ತಡೆಸಂಕೇತ ಅದನ್ನು ಕೋಶದೊಳಗೇ ಹಿಡಿದಿಡುತ್ತದೆ. ಇಂಥಲ್ಲಿ ಎರಡು ಪ್ರತ್ಯೇಕ ವೈರಸ್‌ಗಳನ್ನು ತಯಾರಿಸಿ, ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಏರಿಸುತ್ತಾ ಪ್ರವಾಹ ಎಲ್ಲಿ ಗರಿಷ್ಠವಾಗುತ್ತದೆಂದು ನೋಡಬಹುದು; ಟ್ರಾನ್ಸ್‌ಫೆಕ್ಷನ್‌ನಲ್ಲಿ ಇಷ್ಟು ನಿಖರವಾಗಿ ಮಾಡುವುದು ಕಷ್ಟ. ಎರಡು ವೈರಸ್‌ಗಳನ್ನು ಕೊಡುವಾಗ ಒಟ್ಟು ಕಣಗಳ ಸಂಖ್ಯೆ ಎಲ್ಲ ತಟ್ಟೆಗಳಲ್ಲಿ ಒಂದೇ ಇರಬೇಕು. ಕೊರತೆಯನ್ನು ಜಿಎಫ್‌ಪಿ ವೈರಸ್ಸಿನಿಂದ ತುಂಬಿಸಿ.

ಪ್ರವಾಹ ಕಾಣದಿದ್ದಾಗ

ಕೋಶಗಳು ಹಸಿರಾಗಿದ್ದೂ ಪ್ರವಾಹವಿಲ್ಲವೆಂದರೆ ವೈರಸ್ ಒಳಹೋಗಿದೆ, ತೊಂದರೆ ಚಾನೆಲ್ಲಿನಲ್ಲಿದೆ. ಬ್ಲಾಟ್ ಮಾಡಿ ಯಾವ ಪಟ್ಟಿ ಇದೆ ನೋಡಿ, ಪಟ್ಟಿಯೇ ಇಲ್ಲದಿದ್ದರೆ ಬ್ಯಾಕ್ಮಿಡ್ಡಿನಿಂದ ಜೀನನ್ನು ಮತ್ತೆ ಓದಿಸಿ. ಹಸಿರೂ ಇಲ್ಲ ಎಂದಾದರೆ ಮೊದಲು ಸೀರಂ, ಆಮೇಲೆ ವೈರಸ್ಸಿನ ವಯಸ್ಸು. 4 ಡಿಗ್ರಿಯಲ್ಲಿಟ್ಟ ವೈರಸ್ ತಿಂಗಳುಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಎಚ್‌ಇಕೆ ಕೋಶಗಳ ಮೇಲೆ ಮರು ಅಳತೆ ಮಾಡಿ ಕೊಳವೆಯ ಮೇಲೆ ಹೊಸ ಸಂಖ್ಯೆ ಬರೆಯಬೇಕು. ಪಿ1ರ ಸಣ್ಣ ಕೊಳವೆಗಳನ್ನು ಋಣ 80 ಡಿಗ್ರಿಯಲ್ಲಿ, ಒಂದೊಂದನ್ನು ಒಂದೇ ಸಲ ಕರಗಿಸುವಂತೆ ಹಂಚಿಡಿ. ಕೊಳವೆಯ ಮೇಲೆ ಜೀನ್, ತಲೆಮಾರು, ದಿನಾಂಕ ಮತ್ತು ಎಚ್‌ಇಕೆ ಅಳತೆ, ಈ ನಾಲ್ಕೂ ಅಳಿಸದ ಶಾಯಿಯಲ್ಲಿ ಇರಲಿ.